ಮಿಂಚುಳ್ಳಿಯ ದಪ್ಪ ಕೋಶಗಳು

ನಮ್ಮ ಲ್ಯಾಬಿನ ಎಣಿಕೆಯವಳು ಒಳಗೆ ಬಂದಾಗ ನಾನು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ತಲೆಯಿಟ್ಟು ನಿಂತಿದ್ದೆ.

“ಏನ್ ಹುಡುಕ್ತಿದ್ದೀರ ಅಕ್ಕ?”

“ನನ್ನ ತಲೆ. ಸಿಕ್ಕಿದ್ರೆ ಹೇಳ್ತೀನಿ, ಹೋಗು.”

ಐವತ್ತು ದಾಟಿದ ಮೇಲೆ ನನ್ನ ಮೈಗೆ ಈ ಹೊಸ ಖಯಾಲಿ ಶುರುವಾಗಿತ್ತು. ಸುಮ್ಮನೆ ಕೂತಿರುತ್ತೇನೆ, ಯಾರೂ ಏನೂ ಅಂದಿರುವುದಿಲ್ಲ, ಇದ್ದಕ್ಕಿದ್ದ ಹಾಗೆ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಕೆನ್ನೆ, ಕಿವಿ ಎಲ್ಲ ಕೆಂಡ. ಬೆನ್ನು ತೊಯ್ದು ತೊಪ್ಪೆ. ಸ್ವಲ್ಪ ಹೊತ್ತಿಗೆ ಅದೇ ಬೆವರು ತಣ್ಣಗಾಗಿ ಗಡಗಡ ನಡುಕ. ಮುಟ್ಟು ನಿಂತಿತು, ಪೀಡೆ ತೊಲಗಿತು ಅಂತ ಖುಷಿಪಟ್ಟಿದ್ದೆ ನೋಡಿ, ಅದಕ್ಕೆ ಸಿಕ್ಕ ಉಡುಗೊರೆ ಇದು.

ಕಿಟಕಿ ತೆರೆಯೋಣವೆಂದರೆ ನಮ್ಮ ಕೋಣೆಯಲ್ಲಿ ಅದು ಮಹಾಪರಾಧ. ನನ್ನ ಕೆಲಸವೇ ಅಂಥದ್ದು. ಸತ್ತ ಮೇಲೆ ತಮ್ಮ ಮಿದುಳನ್ನು ಅಧ್ಯಯನಕ್ಕೆ ಕೊಟ್ಟವರಿರುತ್ತಾರಲ್ಲ, ಅದರ ಚೂರನ್ನು ಮೇಣದಲ್ಲಿ ಅದ್ದಿ, ಇಟ್ಟಿಗೆಯಂತೆ ಗಟ್ಟಿ ಮಾಡಿ ನನ್ನ ಕೈಗೆ ಕೊಡುತ್ತಾರೆ. ನಾನು ಅದನ್ನು ಯಂತ್ರದ ಅಲಗಿಗೆ ಕೊಟ್ಟು ಹಿಡಿಕೆ ತಿರುಗಿಸುತ್ತೇನೆ. ಕೂದಲಿಗಿಂತ ತೆಳ್ಳಗಿನ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳಬೇಕು. ಕಿಟಕಿಯಿಂದ ಒಂದು ಗಾಳಿ ಬೀಸಿದರೆ ರಿಬ್ಬನ್ ಹಾರಿ ಗೋಡೆಗೆ ಅಂಟುತ್ತದೆ, ಒಬ್ಬರ ಮಿದುಳಿನ ಅಷ್ಟು ಭಾಗ ಶಾಶ್ವತವಾಗಿ ಹೋದಂತೆ. ಹಾಗಾಗಿ ಕಿಟಕಿ ಸದಾ ಬಂದ್. ನನಗೆ ಫ್ರಿಜ್ಜೇ ಗತಿ. ಇಲ್ಲಿ ಎಲ್ಲರೂ ನನ್ನನ್ನು ಕತ್ತರಿ ಅಕ್ಕ ಅನ್ನುತ್ತಾರೆ. ಕೈಕೆಲಸ ನೋಡಿ ಇಟ್ಟ ಹೆಸರು ಅಂತ ಅವರು ಹೇಳುತ್ತಾರೆ, ಬಾಯಿ ನೋಡಿ ಇಟ್ಟದ್ದು ಅಂತ ನನಗೆ ಗೊತ್ತು.

ಎಣಿಕೆಯವಳು ನನ್ನ ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರೊಳಗಿನ ಕೋಶಗಳನ್ನು ಎಣಿಸಿ ಅಳೆಯುವವಳು. ಡಾಕ್ಟರೇಟ್ ಮಾಡುತ್ತಿದ್ದಾಳೆ. ಮಾತು ಕಡಿಮೆ, ನಗು ಜಾಸ್ತಿ. ಆ ದಿನ ಅವಳು ಹೋಗಲಿಲ್ಲ. ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಅಕ್ಕ, ನಿಮ್ಮನ್ನ ಹೀಗೆ ಕುದಿಸ್ತಿರೋರು ಯಾರು ಗೊತ್ತಾ? ನೀವು ಬೆಳಿಗ್ಗೆಯಿಂದ ಕತ್ತರಿಸ್ತಿದ್ದೀರಲ್ಲ, ಅವೇ ಕೋಶಗಳು.”

ನಾನು ತಲೆ ಹೊರಗೆ ತೆಗೆದೆ. ಮಿದುಳಿನ ತಳಭಾಗದ ಒಂದು ಸಣ್ಣ ಚೂರನ್ನು ಕತ್ತರಿಸುತ್ತಿದ್ದೇನೆ ಅಂತ ಗೊತ್ತಿತ್ತು. ಹೆಣ್ಣು ಬಸುರಾಗುವುದಕ್ಕೂ ಅದಕ್ಕೂ ಏನೋ ಸಂಬಂಧ ಅಂತಲೂ ಗೊತ್ತಿತ್ತು. ನನ್ನ ಬೆವರಿಗೂ ಅದಕ್ಕೂ ಏನು ನಂಟು?

“ಬಿಡಿಸಿ ಹೇಳು.”

“ಅಂಡಾಶಯ ಈಸ್ಟ್ರೋಜೆನ್ ಅನ್ನೋ ರಸ ರಕ್ತಕ್ಕೆ ಬಿಡುತ್ತೆ. ಅದು ಈ ಕೋಶಗಳಿಗೆ ತಲುಪಿ, ಸಾಕು, ಸುಮ್ನಿರಿ ಅನ್ನುತ್ತೆ. ಅವು ಸುಮ್ನಾದ್ರೆ ಅಂಡಾಶಯಕ್ಕೆ ಹೋಗೋ ತಾಕೀತೂ ಕಮ್ಮಿ ಆಗುತ್ತೆ. ಈಸ್ಟ್ರೋಜೆನ್ ಕಮ್ಮಿ ಆದ್ರೆ ಮತ್ತೆ ಎದ್ದು ತಾಕೀತು ಕಳಿಸ್ತಾವೆ. ತಿಂಗಳಿಗೊಂದ್ಸಲ ಮಾತ್ರ ಈಸ್ಟ್ರೋಜೆನ್ ತುಂಬಾ ಏರಿ ಹಾಗೇ ನಿಂತ್ಕೊಳ್ಳುತ್ತೆ. ಆಗ ಅದೇ ಈಸ್ಟ್ರೋಜೆನ್, ಏಳಿ, ಜೋರಾಗಿ ಕೂಗಿ ಅನ್ನುತ್ತೆ. ಆ ಕೂಗಿಗೇ ಅಂಡ ಹೊರಗೆ ಬೀಳೋದು.”

“ಸುಮ್ನಿರು ಅನ್ನೋದೂ ಅದೇ, ಕೂಗು ಅನ್ನೋದೂ ಅದೇನಾ? ಥೇಟ್ ನಮ್ಮತ್ತೆ!”

ಅವಳು ಹೊಟ್ಟೆ ಹಿಡಿದು ನಕ್ಕಳು. “ಅದು ಹೇಗೆ ತಿರುಗಿ ಬೀಳುತ್ತೆ ಅನ್ನೋದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ ಅಕ್ಕ. ಅದಕ್ಕೇ ನಾನು ಇಲ್ಲಿರೋದು.”

“ನನ್ನ ಕಥೆಗೆ ಬಾ. ನನ್ನ ಅಂಡಾಶಯ ಅಂಗಡಿ ಮುಚ್ಚಿಯಾಯ್ತಲ್ಲ?”

“ಅದೇ. ಈಗ ಸಾಕು ಅನ್ನೋರೇ ಇಲ್ಲ. ಕೋಶಗಳು ಕೂಗೀ ಕೂಗೀ ದಪ್ಪ ಆಗಿಬಿಡ್ತಾವೆ. ಪಕ್ಕದಲ್ಲೇ ಮೈ ಬಿಸಿ ಕಾಯೋ ಜಾಗ ಇದೆ. ಇವುಗಳ ಗಲಾಟೆಗೆ ಅದು ಗಾಬರಿಯಾಗಿ, ಅಯ್ಯೋ ಮೈ ಕುದೀತಿದೆ ಅಂತ ಬೆವರು ಸುರಿಸುತ್ತೆ. ನಿಜವಾಗಿ ಮೈ ಕುದೀತಾನೇ ಇರಲ್ಲ.”

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಎರಡು ವರ್ಷದಿಂದ ನಾನು ಫ್ಯಾನನ್ನು ಬೈದಿದ್ದೆ, ಗಂಡನನ್ನು ಬೈದಿದ್ದೆ, ಹವಾಮಾನವನ್ನು ಬೈದಿದ್ದೆ. ಕಳ್ಳರು ನನ್ನ ಅಲಗಿನ ಕೆಳಗೇ ಇದ್ದರು! ಕೋಪದ ಹಿಂದೆಯೇ ಕುತೂಹಲವೂ ಬಂತು. ಅಂದಿನಿಂದ ಪದರ ಕತ್ತರಿಸಿ ಕೊಟ್ಟು ಸುಮ್ಮನಾಗಲಿಲ್ಲ, ಅವಳ ಹೆಗಲ ಮೇಲಿಂದ ಸೂಕ್ಷ್ಮದರ್ಶಕಕ್ಕೆ ಮೂಗು ತೂರಿಸತೊಡಗಿದೆ. ನೇರಳೆ ಬಣ್ಣ ಹಾಕಿದ ಕೋಶಗಳು ಕೆಲವರಲ್ಲಿ ಎಳ್ಳಿನಷ್ಟು ಚಿಕ್ಕದಾಗಿ ಕಾಣುತ್ತಿದ್ದವು, ಕೆಲವರಲ್ಲಿ ಊದಿಕೊಂಡು ಅವರೆಕಾಳಾಗಿದ್ದವು.

ಯಾವುದು ಯಾರದ್ದು ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿರಲೂಬಾರದು. ವಯಸ್ಸಾದವಳದ್ದು ಅಂತ ಗೊತ್ತಾದರೆ ಎಣಿಸುವ ಕಣ್ಣು ದಪ್ಪ ಕೋಶವನ್ನೇ ಹುಡುಕುತ್ತದಂತೆ. ಅದಕ್ಕೆ ಈ ಸಂಶೋಧನೆ ನಡೆಸುವ ನಮ್ಮ ಸರ್, ಮಿದುಳು ಕೊಟ್ಟ ಪ್ರತಿಯೊಬ್ಬ ಹೆಂಗಸಿಗೂ ಒಂದು ಹಕ್ಕಿಯ ಹೆಸರಿಟ್ಟಿದ್ದರು. ಮೈನಾ, ಕೊಕ್ಕರೆ, ಮರಕುಟಿಗ, ಮಿಂಚುಳ್ಳಿ, ಹೀಗೆ ಒಂದು ಡಜನ್. ಗೂಬೆ ಅಂತ ಇಡಲು ಹೊರಟಿದ್ದರು, ಸತ್ತವರ ತಲೆ ಮೇಲೆ ಗೂಬೆ ಕೂರಿಸಬೇಡಿ ಸಾರ್ ಅಂತ ನಾನೇ ತಡೆದಿದ್ದೆ. ಗಾಜಿನ ತುದಿಯಲ್ಲಿ ಪೆನ್ಸಿಲ್ಲಿನಿಂದ ಹಕ್ಕಿಯ ಹೆಸರು ಬರೆಯುವುದು ನನ್ನ ಕೆಲಸ. ಯಾವ ಹಕ್ಕಿಗೆ ಎಷ್ಟು ವಯಸ್ಸು ಅನ್ನುವುದು ಸರ್‌ಗೆ ಮಾತ್ರ ಗೊತ್ತು.

ಎಣಿಕೆ ಮುಗಿದ ದಿನ ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಹಕ್ಕಿಯ ವಯಸ್ಸು ಬಿಚ್ಚಿದರು. ಮೈನಾ ಮೂವತ್ತು, ಕೋಶ ಚಿಕ್ಕದು. ಕೊಕ್ಕರೆ ಅರವತ್ತೆರಡು, ಕೋಶ ದಪ್ಪ. ಎಲ್ಲ ಅಂದುಕೊಂಡಂತೆಯೇ ಬರುತ್ತಿತ್ತು. ಎಣಿಕೆಯವಳ ಮುಖ ಅರಳುತ್ತಿತ್ತು.

“ಮಿಂಚುಳ್ಳಿ,” ಅಂದ ಸರ್ ನಿಲ್ಲಿಸಿದರು. “ಮೂವತ್ತನಾಲ್ಕು.”

ಎಲ್ಲಕ್ಕಿಂತ ದಪ್ಪ ಕೋಶಗಳು ಮಿಂಚುಳ್ಳಿಯದ್ದೇ ಆಗಿದ್ದವು.

ಸರ್ ತುಂಬ ಮೆತ್ತಗೆ, ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು. “ಹೆಸರು ಬರೆಯುವಾಗ ಏನಾದ್ರೂ ಅದಲುಬದಲು ಆಗಿರಬಹುದಾ?”

ನನ್ನ ಪಿತ್ತ ನೆತ್ತಿಗೇರಿತು. “ನನ್ನ ಕೈಯಲ್ಲಾ? ಇಷ್ಟು ವರ್ಷದಲ್ಲಿ ಒಂದು, ಒಂದೇ ಒಂದು ತೋರಿಸಿ ಸಾರ್!”

“ನಿಮ್ಮ ಮೇಲೆ ಅನುಮಾನ ಅಲ್ಲ. ಆದ್ರೆ ಒಂದು ಅದಲುಬದಲಾಗಿದ್ರೂ ಉಳಿದಿದ್ದನ್ನ ನಂಬೋದು ಹೇಗೆ? ಈ ಗಾಜುಗಳ ಇಡೀ ಪೆಟ್ಟಿಗೆ ಪಕ್ಕಕ್ಕಿಡಬೇಕಾಗುತ್ತೆ. ಈ ಹನ್ನೆರಡು ಜನರ ಹತ್ರ ಇನ್ನೊಂದ್ಸಲ ಕೇಳಕ್ಕಾಗಲ್ಲ ನೋಡಿ.” ಕನ್ನಡಕ ಹಾಕಿಕೊಂಡರು. “ಗೊತ್ತಾಗೋವರೆಗೂ ನೀವು ಕತ್ತರಿಸೋದು ಬೇಡ. ಗಾಜು ತೊಳೆಯೋ ಕಡೆ ಇರಿ.”

ಎಣಿಕೆಯವಳು ತಲೆ ತಗ್ಗಿಸಿದಳು. ಅವಳ ಮೂರು ವರ್ಷದ ಕೆಲಸ ಆ ಪೆಟ್ಟಿಗೆಯಲ್ಲಿತ್ತು.

ಬಾಯಲ್ಲಿ ಜೋರು ಮಾಡಿದೆನೇ ಹೊರತು, ನಿಜ ಹೇಳುತ್ತೇನೆ, ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಏಕೆಂದರೆ ಬೆವರಿನ ಜತೆ ನನಗೆ ಮರೆವೂ ಹತ್ತಿಕೊಂಡಿತ್ತು. ಮನೆಯ ಬೀಗದ ಕೈಯನ್ನು ಸಕ್ಕರೆ ಡಬ್ಬಿಯಲ್ಲಿ ಇಟ್ಟಿದ್ದೆ. ಪಕ್ಕದ ಮನೆಯಾಕೆಯ ಹೆಸರು ಅವಳ ಎದುರೇ ಮರೆತುಹೋಗಿತ್ತು. ಹಾಗಿರುವಾಗ, ಬಿಸಿ ನೆತ್ತಿಗೇರಿದ ಯಾವುದೋ ಗಳಿಗೆಯಲ್ಲಿ ಮರಕುಟಿಗ ಅಂತ ಬರೆಯಬೇಕಾದಲ್ಲಿ ಮಿಂಚುಳ್ಳಿ ಅಂತ ಗೀಚಿರಲಾರೆನೇ? ಆಣೆ ಮಾಡಿ ಹೇಳುವ ಧೈರ್ಯ ನನಗಿರಲಿಲ್ಲ. ಭಯವಾಯಿತು. ಅಲಗು ಬಿಟ್ಟರೆ ನಾನು ಯಾರು ಅಂತ ನನಗೇ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ನನ್ನ ಗಂಡ ಬಸ್ ಓಡಿಸುವವರು, ಹಲ್ಲು ಕೀಳಿಸಿಕೊಂಡು ಬಂದಿದ್ದರು. ಕೆನ್ನೆ ಬಾತಿತ್ತು, ಕೈಯಲ್ಲಿ ಒಂದು ಕೊಡೆ.

“ಇದು ನಮ್ಮ ಕೊಡೆ ಅಲ್ವಲ್ರೀ,” ಅಂದೆ. “ನಮ್ಮದಕ್ಕೆ ಹಿಡಿ ಒಡೆದಿತ್ತು.”

ಅವರು ತಿರುಗಿಸಿ ನೋಡಿದರು. “ಹೌದಲ್ಲ! ಡಾಕ್ಟ್ರ ಬಾಗಿಲಲ್ಲಿ ಯಾರದ್ದೋ ಎತ್ಕೊಂಡು ಬಂದ್ಬಿಟ್ಟೆ.”

“ಸರಿಹೋಯ್ತು! ಮರೆವು ನಂಗೊಬ್ಳಿಗೇ ಅಂದ್ಕೊಂಡಿದ್ದೆ. ಈಗ ನಮ್ಮ ಕೊಡೆ ಎಲ್ಲಿ?”

“ಎಲ್ಲಿಗೆ ಹೋಗುತ್ತೆ? ಅಲ್ಲೇ ಬಿದ್ದಿರುತ್ತೆ, ಇಲ್ಲಾ ಇದರ ಯಜಮಾನ ಎತ್ಕೊಂಡು ಹೋಗಿ ಒಡೆದ ಹಿಡಿ ನೋಡಿ ನಂಗೆ ಶಾಪ ಹಾಕ್ತಿರ್ತಾನೆ. ಒಂದು ಕಡೆ ತಪ್ಪು ಕೊಡೆ ಬಂತು ಅಂದ್ರೆ ಇನ್ನೊಂದು ಕಡೆನೂ ತಪ್ಪು ಕೊಡೆ ಇರಲೇಬೇಕಲ್ವೇನೇ.”

ನಾನು ಎದ್ದು ನಿಂತೆ. “ಇನ್ನೊಂದ್ಸಲ ಹೇಳಿ.”

“ಏನು?”

“ಬೇಡ ಬಿಡಿ, ಕೇಳಿಸ್ತು,” ಅಂದವಳೇ ಅವರ ಬಾತ ಕೆನ್ನೆಗೆ ಒಂದು ಮುತ್ತು ಕೊಟ್ಟೆ. ಅವರು ನೋವಿಗೆ ಅಯ್ಯೋ ಅಂದರು.

ಮರುದಿನ ಬೆಳಿಗ್ಗೆ ಸರ್ ಇನ್ನೂ ಬ್ಯಾಗು ಇಳಿಸಿರಲಿಲ್ಲ, ನಾನು ಮೇಜಿನ ಮುಂದೆ ನಿಂತಿದ್ದೆ.

“ಸಾರ್, ಮಿಂಚುಳ್ಳಿ ಹೆಸರಲ್ಲಿ ಇರೋದು ಯಾವುದೋ ಮುದುಕಿಯ ಪದರ ಅಂತ ತಾನೇ ನಿಮ್ಮ ಅನುಮಾನ? ಹಾಗಾದ್ರೆ ಮಿಂಚುಳ್ಳಿಯ ಚಿಕ್ಕ ಕೋಶಗಳು ಎಲ್ಲಿ ಹೋದ್ವು? ಯಾವುದಾದ್ರೂ ಮುದುಕಿಯ ಹೆಸರಲ್ಲಿ ಸಿಗಬೇಕಲ್ವಾ?”

ಸರ್ ಬ್ಯಾಗು ಹಿಡಿದುಕೊಂಡೇ ಯೋಚಿಸಿದರು. ಎಣಿಕೆಯವಳು ಆಗಲೇ ತನ್ನ ಲೆಕ್ಕ ತೆರೆದು ನೋಡುತ್ತಿದ್ದಳು. ವಯಸ್ಸಾದವರಲ್ಲಿ ಒಬ್ಬರದ್ದೂ ಚಿಕ್ಕದಿರಲಿಲ್ಲ. ಎಲ್ಲವೂ ದಪ್ಪವೇ.

“ಒಪ್ಪಿದೆ,” ಅಂದರು ಸರ್. “ಆದ್ರೂ ಮುದುಕಿಯೊಬ್ಬಳ ಪದರಗಳಲ್ಲೇ ಕೆಲವಕ್ಕೆ ಮಿಂಚುಳ್ಳಿ ಅಂತ ಬರೆದು, ಮಿಂಚುಳ್ಳಿಯನ್ನ ಕತ್ತರಿಸೋದೇ ಮರೆತಿದ್ರೆ? ಅವಳ ಮೇಣದ ಇಟ್ಟಿಗೆಯಲ್ಲಿ ಇನ್ನು ಸ್ವಲ್ಪವೇ ಉಳಿದಿದೆ, ಅದನ್ನ ಹೊಸದಾಗಿ ಕತ್ತರಿಸಿ. ನಾನು ಪಕ್ಕದಲ್ಲೇ ಕೂತಿರ್ತೀನಿ.”

ಹಾಗೆ ಕೂತರು ನೋಡಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು! ಹಿಡಿಕೆ ತಿರುಗಿಸಿದೆ. ರಿಬ್ಬನ್ ಇಳಿಯತೊಡಗಿತು. ಸರಿಯಾಗಿ ಅದೇ ಹೊತ್ತಿಗೆ ಎದೆಯಿಂದ ಬಿಸಿ ಏಳಬೇಕೇ! ಹಣೆಯ ಬೆವರು ಹುಬ್ಬಿಗಿಳಿಯಿತು. ಹಲ್ಲುಕಚ್ಚಿ ಹಿಡಿಕೆ ಬಿಡಲಿಲ್ಲ. ಎಣಿಕೆಯವಳು ಸದ್ದಿಲ್ಲದೆ ಬಂದು ಕರವಸ್ತ್ರದಿಂದ ನನ್ನ ಹಣೆ ಒತ್ತಿದಳು. ಹೆಸರನ್ನು ಸರ್ ಕೈಯಲ್ಲೇ ಬರೆಸಿದೆ.

ಬಣ್ಣ ಹಾಕಿ ಒಣಗಿಸಿ ನೋಡಿದಾಗ ಅವೇ ಕೋಶಗಳು, ಅಷ್ಟೇ ದಪ್ಪ. ತಪ್ಪು ನನ್ನದಲ್ಲ. ಕುಣಿಯಬೇಕೆನಿಸಿತು. ಸರ್ ಕೈಮುಗಿದು ಕ್ಷಮೆ ಕೇಳಿದರು, ಅಲಗು ನಿಮ್ಮದೇ ಅಂದರು. ನಾನು ಸ್ವಲ್ಪ ಬಿಗುಮಾನ ತೋರಿಸಿ ಒಪ್ಪಿಕೊಂಡೆ.

ಆದರೆ ಮೂವರೂ ಅಲ್ಲಿಂದ ಏಳಲಿಲ್ಲ. ಸರದಿಯಂತೆ ಮಸೂರದೊಳಗೆ ಕಣ್ಣಿಟ್ಟು ನೋಡಿದೆವು. ಮೂವತ್ತನಾಲ್ಕರ ಹುಡುಗಿ, ನನ್ನ ತಂಗಿಗಿಂತ ಎಷ್ಟೋ ಚಿಕ್ಕವಳು. ಅವಳ ತಲೆಯೊಳಗೆ ನನ್ನ ವಯಸ್ಸಿನ ಗಲಾಟೆ ಯಾಕೆ?

“ಈಸ್ಟ್ರೋಜೆನ್ ಇರಲಿಲ್ಲ,” ಅಂದಳು ಎಣಿಕೆಯವಳು ನಿಧಾನವಾಗಿ. “ವಯಸ್ಸು ಎಷ್ಟಾದ್ರೂ ಇರಲಿ, ಸಾಕು ಅನ್ನೋರು ಇರಲಿಲ್ಲ ಇವಳಿಗೆ.”

ದಾನ ಪಡೆದ ಕಚೇರಿಯವರಿಗೆ ಸರ್ ಫೋನ್ ಮಾಡಿದರು. ರಸ್ತೆ ಅಪಘಾತದಲ್ಲಿ ಹೋದವರು, ತಲೆಗೆ ಸಂಬಂಧಿಸಿದ ಕಾಯಿಲೆ ಯಾವುದೂ ಇರಲಿಲ್ಲ, ಅಷ್ಟು ಬಿಟ್ಟರೆ ಅವರಿಗೂ ಗೊತ್ತಿರಲಿಲ್ಲ. ಮನೆಯವರನ್ನು ಕೇಳುತ್ತೇವೆ, ಒಪ್ಪಿದರೆ ತಿಳಿಸುತ್ತೇವೆ ಅಂದರು. ಮನೆಯವರು ಅಂದರೆ ಒಬ್ಬಳೇ ಅಕ್ಕ. ಫೋನಿನಲ್ಲಿ ಹೇಳಲ್ಲ, ನಾನೇ ಬರ್ತೀನಿ, ಯಾಕೆ ಕೇಳ್ತಿದ್ದಾರೆ ಅಂತ ನಂಗೂ ಗೊತ್ತಾಗಬೇಕು ಅಂದರಂತೆ.

ಬಂದರು. ನನಗಿಂತ ಸ್ವಲ್ಪ ಚಿಕ್ಕವರು, ಗಟ್ಟಿ ಆಳು, ಬೆರಳ ತುದಿಗಳಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಕಲೆ. ಸ್ವಂತ ಬ್ಯೂಟಿ ಪಾರ್ಲರ್ ಇತ್ತು, ತಂಗಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳಂತೆ. ಕುರ್ಚಿಯ ತುದಿಯಲ್ಲಿ ಕೂತರು.

“ನಿಮ್ಮ ತಂಗಿಗೆ ಏನಾದ್ರೂ ಆಪರೇಷನ್ ಆಗಿತ್ತಾ?” ಸರ್ ಕೇಳಿದರು.

“ಆಗಿತ್ತು. ಆದ್ರೆ ಅದು ಹೊಟ್ಟೆದು. ನೀವು ತಲೆ ನೋಡ್ತಿದ್ದೀರಲ್ಲ, ಅದಕ್ಕೇ ದಾನದ ಕಾಗದ ತುಂಬೋವಾಗ ನಾನು ಹೇಳಲಿಲ್ಲ. ಅಂಡಾಶಯದಲ್ಲಿ ಗೆಡ್ಡೆ, ಎರಡು ಕಡೆನೂ. ಇಪ್ಪತ್ತೊಂಬತ್ತನೇ ವಯಸ್ಸಲ್ಲಿ ಎರಡನ್ನೂ ತೆಗೆದ್ರು. ಅವುಗಳ ಬದಲಿಗೆ ಅಂತ ಏನೋ ಮಾತ್ರೆ ಕೊಟ್ಟಿದ್ರು, ತಲೆನೋವು ಬರುತ್ತೆ ಅಂತ ಬಿಟ್ಳು.”

ಎಣಿಕೆಯವಳು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಸರ್ ಕಾಗದದ ಮೇಲೆ ಒಂದು ತಲೆ, ಒಂದು ಹೊಟ್ಟೆ ಬರೆದು, ಮೇಲಕ್ಕೂ ಕೆಳಕ್ಕೂ ಬಾಣ ಹಾಕಿ ನಿಧಾನವಾಗಿ ವಿವರಿಸಿದರು. ಹೊಟ್ಟೆಯಿಂದ ಬರುವ ಸಾಕು ಅನ್ನುವ ಮಾತು ನಿಂತರೆ ತಲೆಯಲ್ಲಿ ಏನಾಗುತ್ತದೆ ಅಂತ. ಪಕ್ಕದಲ್ಲೇ ಮೈಬಿಸಿಯ ಜಾಗ ಇದೆ ಅಂತ.

“ಬಿಸಿ?” ಅಂದರು ಆಕೆ.

“ಹೌದು. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಉರಿ, ಬೆವರು. ಅವಳಿಗೆ ಹಾಗಾಗ್ತಿತ್ತಾ?”

ಆಕೆ ಬಣ್ಣದ ಬೆರಳುಗಳಿಂದ ಬ್ಯಾಗಿನ ಪಟ್ಟಿ ಹಿಸುಕುತ್ತಿದ್ದರು.

“ಗಿರಾಕಿ ತಲೆ ಅರ್ಧ ಒಣಗಿಸಿರೋಳು, ಡ್ರೈಯರ್ ಬಿಸಾಕಿ ಬೀದಿಗೆ ಓಡೋಳು. ಅವರು ಅರ್ಧ ಒದ್ದೆ ತಲೆ ಇಟ್ಕೊಂಡು ನನ್ನ ಮುಖ ನೋಡೋರು. ಚಳಿಗಾಲದಲ್ಲಿ ಕಿಟಕಿ ತೆಗಿ ಅನ್ನೋಳು. ನಾನು ಕೆಲಸಗಳ್ಳಿ ಅಂದೆ. ನಾಟಕದವಳು ಅಂದೆ, ಎಲ್ಲರೆದುರಿಗೇ. ಹೊಟ್ಟೆ ಆಪರೇಷನ್ ಆಗಿ ಎಷ್ಟು ವರ್ಷ ಆಯ್ತು, ಇನ್ನೂ ಅದರ ನೆಪ ಹೇಳ್ತೀಯಾ ಅಂದೆ.” ಆಕೆ ಬ್ಯಾಗಿನ ಪಟ್ಟಿ ಬಿಟ್ಟರು. “ಕಿಟಕಿಗೆ ಮೊಳೆ ಹೊಡೆಸಿಬಿಟ್ಟೆ ನಾನು. ಗಾಳಿಗೆ ಗಿರಾಕಿಗಳಿಗೆ ಶೀತ ಆಗುತ್ತೆ ಅಂತ.”

ನನಗೆ ಅಳು ಬಂದಿತ್ತು. ನಾನೇ ಅವರ ಕೈ ಹಿಡಿದು ಎಬ್ಬಿಸಿ ಪಕ್ಕದ ನಮ್ಮ ಕೋಣೆಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.

“ನೋಡಿ. ಇದು ಅವಳದ್ದು.” ಆಮೇಲೆ ಗಾಜು ಬದಲಿಸಿದೆ. “ಇದು ಅವಳ ವಯಸ್ಸಿನ ಇನ್ನೊಬ್ಬಳದ್ದು.”

ಅವರು ತುಂಬ ಹೊತ್ತು ನೋಡಿದರು. ತಾವೇ ಆ ಗಾಜು ತೆಗೆದು ಮತ್ತೆ ಮೊದಲನೆಯದನ್ನು ಇಟ್ಟುಕೊಂಡರು.

“ಇಷ್ಟು ದಪ್ಪ ಇದ್ವಾ,” ಅಂದರು. ಗಾಜಿನ ತುದಿಯ ಪೆನ್ಸಿಲ್ ಬರಹ ಓದಿದರು. “ಮಿಂಚುಳ್ಳಿ ಅಂದ್ರೆ?”

“ಅವಳಿಗೆ ನಾವು ಇಟ್ಟ ಹೆಸರು. ನಿಜವಾದ ಹೆಸರು ನಮಗೆ ಗೊತ್ತಿಲ್ಲ.”

“ನಾಟಕ ಆಡ್ತಿರಲಿಲ್ಲ ಅಲ್ವಾ ಅವಳು?” ಅಂದರು, ಮತ್ತೆ ಮಸೂರಕ್ಕೆ ಕಣ್ಣಿಟ್ಟು.

“ಇಲ್ಲ. ನಿಜವಾಗ್ಲೂ ಉರೀತಿತ್ತು. ನಂಗೆ ಗೊತ್ತಲ್ಲ, ನಂಗೂ ಆಗುತ್ತೆ.”

ಹಾಗೆ ಹೇಳಿದ್ದೇ ತಡ, ನನ್ನ ಕೋಶಗಳಿಗೂ ಕೇಳಿಸಿತೋ ಏನೋ, ಎದೆಯಿಂದ ಬಿಸಿ ಎದ್ದಿತು. ಈ ಹೊತ್ತಿನಲ್ಲಿ ಬೇಡ ಅಂತ ಮುಖ ಪಕ್ಕಕ್ಕೆ ತಿರುಗಿಸಿದೆ. ಆಕೆ ತಲೆಯೆತ್ತಿ ನೋಡಿಯೇಬಿಟ್ಟರು.

“ಅವಳಿಗೂ ಹೀಗೇ. ಇಲ್ಲಿಂದಲೇ ಕೆಂಪಾಗ್ತಿತ್ತು,” ಅಂದು ನನ್ನ ಕುತ್ತಿಗೆಯ ಬುಡ ಮುಟ್ಟಿದರು.

ಆಮೇಲೆ ಎದ್ದು ಸೀದಾ ಕಿಟಕಿಯ ಹತ್ತಿರ ಹೋದರು. ವರ್ಷಗಟ್ಟಲೆ ತೆರೆಯದ ಕಿಟಕಿ, ಚೌಕಟ್ಟಿಗೆ ಬಣ್ಣ ಅಂಟಿಕೊಂಡಿತ್ತು. ಎಣಿಕೆಯವಳು ತಡೆಯಲು ಬಾಯಿ ತೆರೆದಳು. ಬಾಗಿಲಲ್ಲಿ ನಿಂತಿದ್ದ ಸರ್ ಅವಳಿಗೆ ಬೇಡ ಅಂತ ಕೈ ಮಾಡಿ, ತಾವೇ ಬಂದು ಮೇಜಿನ ಮೇಲಿದ್ದ ನನ್ನ ರಿಬ್ಬನ್ನುಗಳ ತಟ್ಟೆಗೆ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಆಕೆ ಅಂಗೈಯಿಂದ ಕಿಟಕಿಗೆ ಒಂದು ಸಲ ಗುದ್ದಿದರು, ಎರಡು ಸಲ ಗುದ್ದಿದರು. ಕಿರ್ರೆಂದು ಬಿಟ್ಟುಕೊಂಡಿತು. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

ಬ್ಯಾಗಿನಿಂದ ಒಂದು ಕ್ಲಿಪ್ ತೆಗೆದು, ನನ್ನ ಹಿಂದೆ ನಿಂತು, ಕುತ್ತಿಗೆಗೆ ಅಂಟಿದ ಕೂದಲನ್ನೆಲ್ಲ ಮೇಲೆತ್ತಿ ಕಟ್ಟಿದರು.

“ಸಾಕಾ ಗಾಳಿ? ಇನ್ನೂ ಸ್ವಲ್ಪ ತೆಗೀಲಾ?”

ಅಷ್ಟರಲ್ಲಿ ನನಗೆ ಬಿಸಿ ಇಳಿದು ಚಳಿ ಹತ್ತತೊಡಗಿತ್ತು.

“ಇನ್ನೂ ಸ್ವಲ್ಪ ತೆಗೀರಿ,” ಅಂದೆ.

ಅವರು ಪೂರ್ತಿ ತೆಗೆದರು.